ವಿದೇಶಿ ಮಾರುಕಟ್ಟೆಗೆ ವಾಹನ ಕಂಪನಿ ಕಾಲಿಡುವ ದಾರಿಗಳು: ಯಾವುದನ್ನು ಯಾರು ಆರಿಸಬೇಕು?

ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆಯಿಂದ ಹೊಸ ಕಾರುಗಳನ್ನು ಹೇರಿಕೊಂಡು ಮೈಸೂರು ರಸ್ತೆಗೆ ಇಳಿಯುವ ಟ್ರೇಲರ್‌ಗಳನ್ನು ಕಂಡವರು ಆ ಕಾರುಗಳ ಲಾಂಛನಗಳನ್ನು ಒಮ್ಮೆ ಗಮನಿಸಬೇಕು. ಕೆಲವಕ್ಕೆ ಟೊಯೊಟಾದ ಗುರುತಿರುತ್ತದೆ, ಇನ್ನು ಕೆಲವಕ್ಕೆ ಸುಜುಕಿಯ ‘ಎಸ್’ ಇರುತ್ತದೆ. ಮಾರುತಿ ಸುಜುಕಿಯ ಗ್ರ್ಯಾಂಡ್ ವಿಟಾರ 2022ರಿಂದ ಟೊಯೊಟಾದ ಹೈರೈಡರ್ ಜೊತೆಗೆ ಇಲ್ಲಿಯೇ ತಯಾರಾಗುತ್ತಿದೆ. ಇತ್ತ ಟೊಯೊಟಾ ಹೆಸರಿನಲ್ಲಿ ಮಾರಾಟವಾಗುವ ಗ್ಲಾಂಝಾ ಗುಜರಾತಿನಲ್ಲಿ ಸುಜುಕಿಯ ಲೈನಿನಿಂದ ಇಳಿಯುತ್ತದೆ. ಕಾರ್ಖಾನೆಯ ಒಡೆತನ ನೋಡಿದರೆ ಅದು ಜಂಟಿ ಉದ್ಯಮ: ಟೊಯೊಟಾದ್ದು ಶೇ. 89, ಕಿರ್ಲೋಸ್ಕರ್ ಸಮೂಹದ್ದು ಶೇ. 11. ಕೆಲಸ ನೋಡಿದರೆ ಭಾಗಶಃ ಬೇರೊಬ್ಬರಿಗಾಗಿ ಮಾಡುವ ಗುತ್ತಿಗೆ ತಯಾರಿಕೆ. ಪಠ್ಯಪುಸ್ತಕದಲ್ಲಿ ಬೇರೆಬೇರೆ ಅಧ್ಯಾಯಗಳಲ್ಲಿ ಕೂರುವ ದಾರಿಗಳು ಇಲ್ಲಿ ಒಂದೇ ಕಾಂಪೌಂಡಿನೊಳಗೆ ಇವೆ.

ವಿದೇಶಕ್ಕೆ ಹೋಗುವ ಮಾತು ಬಂದಾಗಲೆಲ್ಲ ನಮ್ಮಲ್ಲಿ ಮೊದಲು ಏಳುವ ಪ್ರಶ್ನೆ ಪಾಲು ಎಷ್ಟು ಎಂಬುದು. ಮ್ಯಾನೇಜ್‌ಮೆಂಟ್ ಓದುವ ವಿದ್ಯಾರ್ಥಿಗಳಲ್ಲೂ, ಪೀಣ್ಯ ಮತ್ತು ಬೊಮ್ಮಸಂದ್ರದಲ್ಲಿ ವಿದ್ಯುತ್ ವಾಹನ ಮಾಡಿ ನೆರೆಯ ದೇಶಗಳತ್ತ ನೋಡುತ್ತಿರುವ ಸಣ್ಣ ಉದ್ಯಮಿಗಳಲ್ಲೂ ಈ ಅಭ್ಯಾಸವನ್ನು ಕಂಡಿದ್ದೇನೆ. ನನ್ನ ಅನುಭವದಲ್ಲಿ ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಆ ದೇಶದಲ್ಲಿ ವರ್ಷಕ್ಕೆ ಎಷ್ಟು ಗಾಡಿ ಮಾರಬಲ್ಲೆವು, ಸುಂಕದ ಗೋಡೆ ಎಷ್ಟು ಎತ್ತರವಿದೆ, ನಮ್ಮಲ್ಲಿ ಇಲ್ಲದಿರುವುದು ಏನು ಎಂಬ ಮೂರಕ್ಕೆ ಉತ್ತರ ಸಿಕ್ಕಿದರೆ ಪಾಲಿನ ಲೆಕ್ಕ ಬಹುಮಟ್ಟಿಗೆ ತಾನಾಗಿಯೇ ಇತ್ಯರ್ಥವಾಗುತ್ತದೆ.

ಇವುಗಳಲ್ಲಿ ಮೂರನೆಯದೇ ಕಠಿಣ. ಹಣ ಇಲ್ಲವೆಂದರೆ ಸಾಲ ಸಿಗುತ್ತದೆ. ಆದರೆ ಡೀಲರುಗಳ ಜಾಲ, ಸರ್ಕಾರದ ಅನುಮತಿ, ಆ ಊರಿನ ಗಿರಾಕಿಯ ಜೇಬಿಗೂ ರಸ್ತೆಗೂ ಒಗ್ಗುವ ಗಾಡಿ, ಬಿಡಿಭಾಗ ಕೊಡುವ ವೆಂಡರುಗಳು, ಇವು ದುಡ್ಡು ಕೊಟ್ಟರೂ ಬೇಗ ಸಿಗುವಂಥವಲ್ಲ. ಯಾವುದು ಇಲ್ಲವೋ ಅದಕ್ಕೆ ತಕ್ಕ ದಾರಿ. ಇದರ ಜೊತೆಗೆ ಬಹಳ ಸರಳವಾದರೂ ಮರೆತುಹೋಗುವ ಒಂದು ಸಂಗತಿಯಿದೆ: ಸ್ಟಿಯರಿಂಗ್ ಯಾವ ಕಡೆಗೆ ಎಂಬುದು. ನೇಪಾಳ, ಶ್ರೀಲಂಕಾ, ಕೀನ್ಯಾ, ದಕ್ಷಿಣ ಆಫ್ರಿಕಾ, ಇಂಡೊನೇಷ್ಯಾ, ಬ್ರಿಟನ್‌ಗಳಲ್ಲಿ ನಮ್ಮ ಹಾಗೆಯೇ ಬಲಗಡೆ ಸ್ಟಿಯರಿಂಗ್ ಇರುವ ಗಾಡಿ ಓಡುತ್ತದೆ. ಲ್ಯಾಟಿನ್ ಅಮೆರಿಕದ ಬಹುಪಾಲು ದೇಶಗಳಿಗೆ ಹೋಗುವುದಾದರೆ ಡ್ಯಾಶ್‌ಬೋರ್ಡಿನಿಂದ ಹಿಡಿದು ಪೆಡಲ್ ಜೋಡಣೆಯವರೆಗೆ ಹೊಸದಾಗಿ ಮಾಡಬೇಕಾಗುತ್ತದೆ. ಸಣ್ಣ ಕಂಪನಿಗೆ ಮಾರುಕಟ್ಟೆಯ ಪಟ್ಟಿ ಅರ್ಧವಾಗಲು ಇದೊಂದೇ ಸಾಕು.

ರಫ್ತು: ಅಗ್ಗದ ದಾರಿ, ಆದರೆ ಹೆಸರು ಯಾರದ್ದು?

ಇಲ್ಲಿಯೇ ತಯಾರಿಸಿ, ಅಲ್ಲಿನ ವಿತರಕರ ಮೂಲಕ ಮಾರುವುದು ಎಲ್ಲಕ್ಕಿಂತ ಕಡಿಮೆ ಬಂಡವಾಳ ಬೇಡುವ ದಾರಿ. ಬೆಂಗಳೂರಿಗರಿಗೆ ಇದರ ಉದಾಹರಣೆ ಮನೆಯಂಗಳದಲ್ಲೇ ಇದೆ. ಚೇತನ್ ಮೈನಿ ಅವರ ರೇವಾ ಎಲೆಕ್ಟ್ರಿಕ್ ಕಾರ್ ಕಂಪನಿ 2001ರಲ್ಲಿ ತನ್ನ ಪುಟ್ಟ ವಿದ್ಯುತ್ ಕಾರನ್ನು ಮಾರುಕಟ್ಟೆಗೆ ತಂದಿತು. ಇಲ್ಲಿ ಅದನ್ನು ಆಟಿಕೆಯಂತೆ ನೋಡಿದವರೇ ಹೆಚ್ಚು. ಲಂಡನ್ನಿನಲ್ಲಿ ಮಾತ್ರ ಅದಕ್ಕೆ ಗಿರಾಕಿಗಳು ಸಿಕ್ಕರು, ಏಕೆಂದರೆ ನಗರದ ನಡುಭಾಗಕ್ಕೆ ಬರುವ ಕಾರುಗಳು ಕಟ್ಟಬೇಕಾದ ದಟ್ಟಣೆ ಶುಲ್ಕದಿಂದ ವಿದ್ಯುತ್ ವಾಹನಕ್ಕೆ ವಿನಾಯಿತಿಯಿತ್ತು. ಕಾರಿನ ಬದಲು ‘ಕ್ವಾಡ್ರಿಸೈಕಲ್’ ಎಂಬ ಹಗುರ ವಾಹನದ ವರ್ಗದಲ್ಲಿ ಅದು ನೋಂದಣಿಯಾಗುತ್ತಿದ್ದುದರಿಂದ ಪೂರ್ಣ ಪ್ರಮಾಣದ ಕಾರಿಗೆ ಬೇಕಾದ ಅಪಘಾತ ಪರೀಕ್ಷೆಗಳ ಹೊರೆಯೂ ಇರಲಿಲ್ಲ. ಸಣ್ಣ ಕಂಪನಿಯೊಂದು ಪರದೇಶದ ನಿಯಮಾವಳಿಯಲ್ಲಿ ತನಗೆ ಹೊಂದುವ ಸಂದನ್ನು ಹುಡುಕಿ ಒಳಗೆ ಹೋದದ್ದಕ್ಕೆ ಇದು ಒಳ್ಳೆಯ ನಿದರ್ಶನ.

ಆದರೆ ಬ್ರಿಟನ್ನಿನಲ್ಲಿ ಆ ಕಾರನ್ನು ಯಾರೂ ರೇವಾ ಎಂದು ಕರೆಯಲಿಲ್ಲ. ಅಲ್ಲಿ ಅದನ್ನು ಮಾರುತ್ತಿದ್ದ ಗೋಯಿಂಗ್‌ಗ್ರೀನ್ ಸಂಸ್ಥೆ ಇಟ್ಟ ‘ಜಿ-ವಿಜ್’ ಎಂಬ ಹೆಸರೇ ಪ್ರಸಿದ್ಧವಾಯಿತು. ಹೊಗಳಿಕೆಯೂ ಜಿ-ವಿಜ್‌ಗೆ, ಟಿವಿಯಲ್ಲಿನ ಗೇಲಿಯೂ ಜಿ-ವಿಜ್‌ಗೆ. ಅದನ್ನು ಮಾಡಿದ ಬೆಂಗಳೂರಿನ ಕಂಪನಿಯ ಹೆಸರು ಅಲ್ಲಿ ಬೇರು ಬಿಡಲಿಲ್ಲ. 2010ರಲ್ಲಿ ಮಹೀಂದ್ರಾ ಶೇ. 55ರಷ್ಟು ಪಾಲು ಕೊಂಡು ಕಂಪನಿಯನ್ನು ತನ್ನದಾಗಿಸಿಕೊಂಡಿತು.

ವಿತರಕನೇ ಕುಸಿದರೆ ಏನಾಗುತ್ತದೆ ಎಂಬುದನ್ನು ಟಾಟಾ ಮೋಟಾರ್ಸ್ ಕಂಡಿತು. 2003ರಿಂದ ಟಾಟಾ ಇಂಡಿಕಾವನ್ನು ಬ್ರಿಟನ್ನಿನ ಎಂಜಿ ರೋವರ್ ‘ಸಿಟಿರೋವರ್’ ಎಂಬ ಹೆಸರಿನಲ್ಲಿ ಮಾರುತ್ತಿತ್ತು. 2005ರ ಏಪ್ರಿಲ್‌ನಲ್ಲಿ ಎಂಜಿ ರೋವರ್ ದಿವಾಳಿಯಾದಾಗ ಇಂಡಿಕಾದ ಬ್ರಿಟಿಷ್ ಪ್ರಯಾಣವೂ ಅಲ್ಲಿಗೇ ನಿಂತಿತು. ಕೆಲವೊಮ್ಮೆ ಬಾಗಿಲು ಹಾಕುವುದು ವಿತರಕನಲ್ಲ, ದೇಶವೇ. ಶ್ರೀಲಂಕಾ 2020ರಲ್ಲಿ ವಿದೇಶಿ ವಿನಿಮಯದ ಮುಗ್ಗಟ್ಟಿನಿಂದ ವಾಹನಗಳ ಆಮದನ್ನೇ ತಡೆಹಿಡಿಯಿತು. ಖಾಸಗಿ ಕಾರುಗಳಿಗೆ ಬಾಗಿಲು ತೆರೆದದ್ದು 2025ರ ಫೆಬ್ರವರಿಯಲ್ಲಿ. ರಫ್ತನ್ನೇ ನಂಬಿದ್ದವರಿಗೆ ಹತ್ತಿರ ಹತ್ತಿರ ಐದು ವರ್ಷ ಆ ಮಾರುಕಟ್ಟೆ ಇರಲೇ ಇಲ್ಲ. ಹಾಗಿದ್ದರೂ ನಾನು ರಫ್ತಿನ ಪರವೇ, ಯಾಕೆಂದರೆ ಅಲ್ಲಿ ಕಾರ್ಖಾನೆ ಕಟ್ಟಿ ಕೂತಿದ್ದವರ ಪಾಡು ಇನ್ನೂ ಕಷ್ಟದ್ದಾಗಿರುತ್ತಿತ್ತು.

ಪೀಣ್ಯದಲ್ಲಿ ವಿದ್ಯುತ್ ಚಾಲಿತ ಸರಕು ಆಟೊ ತಯಾರಿಸುವ ನನ್ನ ಗೆಳೆಯರೊಬ್ಬರು ಕೆಲವು ತಿಂಗಳ ಹಿಂದೆ ನೇಪಾಳದ ವಿತರಕರೊಬ್ಬರು ಕಳುಹಿಸಿದ ಕರಾರುಪತ್ರದ ಕರಡನ್ನು ತಂದು ಮೇಜಿನ ಮೇಲಿಟ್ಟರು. ಹನ್ನೊಂದು ಪುಟಗಳಲ್ಲಿ ಹತ್ತು ಪುಟ ವಾರಂಟಿ, ಸಾಗಣೆ, ವಿಮೆಯ ವಿಷಯ. ನಾಲ್ಕನೆಯ ಪುಟದ ನಡುವೆ ಒಂದು ಸಾಲು: ಇಡೀ ದೇಶದ ಏಕೈಕ ಮಾರಾಟ ಹಕ್ಕು ಐದು ವರ್ಷಗಳಿಗೆ ಅವರದ್ದು. ವರ್ಷಕ್ಕೆ ಕನಿಷ್ಠ ಎಷ್ಟು ಗಾಡಿ ಎತ್ತಬೇಕೆಂಬುದು ಎಲ್ಲಿಯೂ ಇರಲಿಲ್ಲ. ಕೆಳಗೆ, ವಾಹನದ ಹೆಸರನ್ನು ನೇಪಾಳದಲ್ಲಿ ನೋಂದಾಯಿಸುವ ಹಕ್ಕೂ ವಿತರಕರಿಗೇ. ‘ಅಷ್ಟು ಬರೆದುಕೊಡದಿದ್ದರೆ ಅವರು ಶೋರೂಮಿಗೆ ಯಾಕೆ ದುಡ್ಡು ಹಾಕ್ತಾರೆ ಸ್ವಾಮಿ?’ ಎಂಬುದು ಗೆಳೆಯರ ವಾದ. ಅವರು ಎರಡು ಗಾಡಿ ತರಿಸಿ ಗೋಡೌನಿನಲ್ಲಿ ನಿಲ್ಲಿಸಿಕೊಂಡರೂ ನೀವು ಐದು ವರ್ಷ ಇನ್ನೊಬ್ಬರ ಮುಖ ನೋಡುವಂತಿಲ್ಲ ಎಂಬುದು ನನ್ನ ವಾದ. ಈ ಕರಾರಿಗೆ ಕೊನೆಯಲ್ಲಿ ಮರಳುತ್ತೇನೆ.

ಪೆಟ್ಟಿಗೆಯಲ್ಲಿ ಬರುವ ಕಾರು

ಸುಂಕದ ಗೋಡೆ ಎತ್ತರವಿದ್ದಲ್ಲಿ ಇಡೀ ಕಾರನ್ನು ಹಡಗಿಗೆ ಹತ್ತಿಸುವುದು ನಷ್ಟದ ಬಾಬತ್ತು. ಆಗ ಬಿಡಿಭಾಗಗಳನ್ನು ಪೆಟ್ಟಿಗೆಗಳಲ್ಲಿ ಕಳುಹಿಸಿ ಅಲ್ಲಿಯೇ ಜೋಡಿಸುವ ದಾರಿ ಇದೆ. ಕಾರ್ಖಾನೆಗಳಲ್ಲಿ ಇದಕ್ಕೆ ಸಿಕೆಡಿ ಎನ್ನುತ್ತಾರೆ. ಭಾರತದ ಸುಂಕವನ್ನೇ ನೋಡಿ. ನಲವತ್ತು ಸಾವಿರ ಡಾಲರ್‌ಗಿಂತ ಕಡಿಮೆ ಬೆಲೆಯ ಪೂರ್ಣ ಕಾರಿನ ಮೇಲೆ 2023ರ ಬಜೆಟ್ ಶೇ. 70 ಸುಂಕ ನಿಗದಿ ಮಾಡಿತು. ಎಂಜಿನ್ ಅಥವಾ ಗೇರ್‌ಬಾಕ್ಸ್ ಮೊದಲೇ ಜೋಡಿಸಿಕೊಂಡು ಬಂದರೆ ಶೇ. 35, ಎಲ್ಲವೂ ಬಿಡಿಬಿಡಿಯಾಗಿ ಬಂದರೆ ಶೇ. 15. ಬಂದರಿನಲ್ಲಿ ಇಪ್ಪತ್ತು ಲಕ್ಷ ರೂಪಾಯಿ ಬೆಲೆ ಬೀಳುವ ಕಾರನ್ನು ಲೆಕ್ಕಕ್ಕೆ ತೆಗೆದುಕೊಂಡರೆ, ಮೇಲ್ತೆರಿಗೆಗಳನ್ನು ಬಿಟ್ಟು, ಪೂರ್ಣ ಕಾರಿಗೆ 14 ಲಕ್ಷ, ಅರೆ ಜೋಡಣೆಗೆ 7 ಲಕ್ಷ, ಪೂರ್ತಿ ಬಿಡಿಭಾಗಗಳಿಗೆ 3 ಲಕ್ಷ ಸುಂಕ. ಮೊದಲನೆಯದಕ್ಕೂ ಕೊನೆಯದಕ್ಕೂ ಕಾರೊಂದಕ್ಕೆ 11 ಲಕ್ಷದ ಅಂತರ. ವರ್ಷಕ್ಕೆ ಐವತ್ತು ಕಾರು ಮಾರುವವರಿಗೆ ಈ ಅಂತರ ಐದೂವರೆ ಕೋಟಿ. ಅದಕ್ಕಾಗಿ ಜೋಡಣಾ ಲೈನ್ ಹಾಕುವುದು ಹುಚ್ಚುತನ. ಎರಡು ಸಾವಿರ ಕಾರು ಮಾರುವವರಿಗೆ ಅದು 220 ಕೋಟಿ, ಹಾಕದಿರುವುದು ಹುಚ್ಚುತನ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಮಾತಿನಲ್ಲಿ ಹಾಸಿಗೆ ಎಂದರೆ ಇಲ್ಲಿ ಗಾಡಿಗಳ ಸಂಖ್ಯೆ.

ಹೊಸಕೋಟೆಯಲ್ಲಿ ಈ ದಾರಿಯ ಒಂದು ಸೊಗಸಾದ ರೂಪವಿದೆ. ವೋಲ್ವೊ ಸಮೂಹವು 1998ರಿಂದ ಅಲ್ಲಿ ಲಾರಿಗಳನ್ನು ತಯಾರಿಸುತ್ತಿದೆ. ನಮ್ಮೂರಿನವರು ಹತ್ತಿ ಇಳಿಯುವ ವೋಲ್ವೊ ಬಸ್ಸುಗಳೂ ಆ ಹೊಸಕೋಟೆಯವೇ. ವೋಲ್ವೊ ಕಾರುಗಳು ಮಾತ್ರ ಬೇರೆ ಒಡೆಯರವು: ಸಮೂಹವು ಕಾರಿನ ವಿಭಾಗವನ್ನು 1999ರಲ್ಲಿ ಫೋರ್ಡ್‌ಗೆ ಮಾರಿತು, ಫೋರ್ಡ್ ಅದನ್ನು 2010ರಲ್ಲಿ ಚೀನಾದ ಗೀಲಿಗೆ ಮಾರಿತು. ಹಾಗಿದ್ದರೂ 2017ರಲ್ಲಿ ಭಾರತದಲ್ಲಿ ಕಾರು ಜೋಡಿಸುವ ಸಮಯ ಬಂದಾಗ ವೋಲ್ವೊ ಕಾರ್ಸ್ ಸ್ವಂತ ಜಾಗ ಹುಡುಕಲು ಹೋಗದೆ ಹಳೆಯ ದಾಯಾದಿಯ ಹೊಸಕೋಟೆಯ ಆವರಣದಲ್ಲೇ ಜೋಡಣೆಗೆ ಏರ್ಪಾಡು ಮಾಡಿಕೊಂಡಿತು. ವರ್ಷಕ್ಕೆ ಕೆಲವೇ ಸಾವಿರ ಕಾರು ಮಾರುವ ಐಷಾರಾಮಿ ಕಂಪನಿಗೆ ಇದಕ್ಕಿಂತ ಬುದ್ಧಿವಂತಿಕೆಯ ಆಯ್ಕೆ ನನಗೆ ಕಾಣುವುದಿಲ್ಲ.

ಇದರ ಅಪಾಯವಿರುವುದು ವರ್ಗೀಕರಣದಲ್ಲಿ. ಯಾವ ಪೆಟ್ಟಿಗೆಯಲ್ಲಿ ಏನು ಬಂತು, ಒಟ್ಟಾಗಿ ಬಂತೇ ಬಿಡಿಯಾಗಿ ಬಂತೇ ಎಂಬುದರ ಮೇಲೆ ಸುಂಕದ ದರ ನಿಂತಿರುವಾಗ ಆ ಪ್ರಶ್ನೆ ನ್ಯಾಯಾಲಯಕ್ಕೆ ಹೋಗುವುದು ಸಹಜ. ಸ್ಕೋಡಾ ಆಟೊ ಫೋಕ್ಸ್‌ವ್ಯಾಗನ್ ಇಂಡಿಯಾಕ್ಕೆ 2024ರಲ್ಲಿ ಬಂದ ಸುಮಾರು 140 ಕೋಟಿ ಡಾಲರ್‌ಗಳ ತೆರಿಗೆ ಬೇಡಿಕೆಯ ನೋಟಿಸ್ ಇದೇ ಬಗೆಯ ತಕರಾರು. ಕಂಪನಿ ಅದನ್ನು ಒಪ್ಪದೆ ಬಾಂಬೆ ಹೈಕೋರ್ಟಿನ ಮೆಟ್ಟಿಲೇರಿತು. ಸುಂಕದ ದರಗಳು ಬಜೆಟ್ಟಿನಿಂದ ಬಜೆಟ್ಟಿಗೆ ಬದಲಾಗುವುದನ್ನೂ ನೆನಪಿಡಬೇಕು. ವಿದ್ಯುತ್ ಕಾರುಗಳಿಗೆ 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ತಂದ ಯೋಜನೆಯಲ್ಲಿ, ಮೂರು ವರ್ಷಗಳಲ್ಲಿ ಕನಿಷ್ಠ 4,150 ಕೋಟಿ ರೂಪಾಯಿ ಹೂಡಿ ಇಲ್ಲಿಯೇ ತಯಾರಿಸಲು ಒಪ್ಪಿದವರು ವರ್ಷಕ್ಕೆ 8,000ದವರೆಗೆ ದುಬಾರಿ ಕಾರುಗಳನ್ನು ಶೇ. 15ರ ಸುಂಕದಲ್ಲಿ ತರಬಹುದಿತ್ತು. 2021ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಕಂಪನಿ ನೋಂದಾಯಿಸಿ ನಮ್ಮೂರಿನ ಪತ್ರಿಕೆಗಳಿಗೆ ಹಬ್ಬ ಮಾಡಿಸಿದ ಟೆಸ್ಲಾ ಆ ಹೂಡಿಕೆಯ ದಾರಿ ಹಿಡಿಯಲಿಲ್ಲ. 2025ರ ಜುಲೈನಲ್ಲಿ ಮುಂಬೈಯಲ್ಲಿ ಮಳಿಗೆ ತೆರೆದು, ಆಮದು ಮಾಡಿದ ಕಾರನ್ನು ಹತ್ತಿರ ಹತ್ತಿರ 60 ಲಕ್ಷದ ಆರಂಭಿಕ ಬೆಲೆಗೆ ಮಾರಾಟಕ್ಕಿಟ್ಟಿತು. ನೋಂದಣಿ ಮಾಡಿದ ಮಾತ್ರಕ್ಕೆ ಮಾರುಕಟ್ಟೆಗೆ ಬಂದಂತಲ್ಲ.

ಇನ್ನೊಬ್ಬರ ಲೈನಿನಲ್ಲಿ ನಮ್ಮ ಕಾರು

ಮೊದಲಿಗೆ ಹೇಳಿದ ಬಿಡದಿಯ ವ್ಯವಸ್ಥೆ ಇದೇ. ಟೊಯೊಟಾ ಮತ್ತು ಸುಜುಕಿ ಭಾರತದಲ್ಲಿ ಪರಸ್ಪರ ಕಾರು ಪೂರೈಸುವ ಒಪ್ಪಂದಕ್ಕೆ 2018ರಲ್ಲಿ ಬಂದವು. ಮರುವರ್ಷ ಗ್ಲಾಂಝಾ ಬಂತು. ಟೊಯೊಟಾಕ್ಕೆ ಇಲ್ಲದಿದ್ದದ್ದು ಅಗ್ಗದ ಸಣ್ಣ ಕಾರು. ತಾನೇ ಮಾಡಿದ ಎಟಿಯೋಸ್‌ನಿಂದ ಆ ಕೊರತೆ ನೀಗಿರಲಿಲ್ಲ. ಸುಜುಕಿಗೆ ಇಲ್ಲದಿದ್ದದ್ದು ಪೆಟ್ರೋಲ್ ಎಂಜಿನ್ ಮತ್ತು ವಿದ್ಯುತ್ ಮೋಟಾರ್ ಎರಡರಿಂದಲೂ ಓಡುವ ಪೂರ್ಣ ಹೈಬ್ರಿಡ್ ತಂತ್ರಜ್ಞಾನ, ಅದರ ಜೊತೆಗೆ ದೊಡ್ಡ ಕಾರು. ಟೊಯೊಟಾದ ಹೈಕ್ರಾಸ್ 2023ರಲ್ಲಿ ಮಾರುತಿಯ ಇನ್ವಿಕ್ಟೊ ಆಯಿತು. ಇಬ್ಬರಿಗೂ ಬೇಕಾದದ್ದು ಸಿಕ್ಕಿತು, ಹೊಸ ಕಾರ್ಖಾನೆಯ ಕೆಲಸಕ್ಕೆ ಯಾರೂ ಕೈಹಾಕಬೇಕಾಗಲಿಲ್ಲ. ತೊಂದರೆಯೆಂದರೆ ಶೋರೂಮಿಗೆ ಬಂದ ಗಿರಾಕಿ ಎರಡನ್ನೂ ಪಕ್ಕಪಕ್ಕದಲ್ಲಿ ನಿಲ್ಲಿಸಿ ಲಾಂಛನಕ್ಕೆ ಎಷ್ಟು ದುಡ್ಡು ಎಂದು ಕೇಳುತ್ತಾನೆ. ಈ ದಾರಿ ಸಮಬಲರಿಗೆ ಮಾತ್ರ. ಒಬ್ಬರು ದೊಡ್ಡವರು, ಇನ್ನೊಬ್ಬರು ಸಣ್ಣವರಾದರೆ ಸಣ್ಣವರು ಕೆಲವೇ ವರ್ಷಗಳಲ್ಲಿ ಬರೀ ಗುತ್ತಿಗೆದಾರರಾಗುತ್ತಾರೆ.

ಜಂಟಿ ಉದ್ಯಮ

ಇದರ ಬಗ್ಗೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕಾಗಿದೆ, ಯಾಕೆಂದರೆ ಭಾರತದ ಕಾರು ಉದ್ಯಮದ ಇತಿಹಾಸದ ದೊಡ್ಡ ಭಾಗ ಜಂಟಿ ಉದ್ಯಮಗಳ ಮದುವೆ ಮತ್ತು ಸೋಡಚೀಟಿಗಳ ಇತಿಹಾಸವೇ ಆಗಿದೆ.

ಸುಜುಕಿ 1982ರಲ್ಲಿ ಮಾರುತಿ ಉದ್ಯೋಗದೊಳಗೆ ಬಂದಾಗ ಅದರ ಪಾಲು ಶೇ. 26 ಮಾತ್ರ, ಉಳಿದದ್ದು ಭಾರತ ಸರ್ಕಾರದ್ದು. ಮೊದಲ ಮಾರುತಿ 800ರ ಕೀಲಿಕೈ 1983ರ ಡಿಸೆಂಬರ್ 14ರಂದು ಗಿರಾಕಿಯ ಕೈ ಸೇರಿತು. ಹಂತಹಂತವಾಗಿ ಪಾಲು ಏರಿ 1992ರಲ್ಲಿ ಶೇ. 50ಕ್ಕೆ ಬಂತು, 2002ರಲ್ಲಿ ಆಡಳಿತದ ಹಿಡಿತ ಸುಜುಕಿಗೆ ಹೋಯಿತು, 2007ರಲ್ಲಿ ಸರ್ಕಾರ ಪೂರ್ತಿ ಹೊರಬಂತು. ಇದರಲ್ಲಿ ನಾನು ಗಮನಿಸುವುದು ಆರಂಭದ ಶೇ. 26ನ್ನು. ಪಾಲು ಕಡಿಮೆ ಎಂದು ಸುಜುಕಿ ಹಿಂಜರಿಯಲಿಲ್ಲ, ಯಾಕೆಂದರೆ ಆಗ ಅದಕ್ಕೆ ಬೇಕಿದ್ದದ್ದು ಅನುಮತಿ. ಪರ್ಮಿಟ್ ರಾಜ್ಯದ ಕಾಲದಲ್ಲಿ ಸರ್ಕಾರಕ್ಕಿಂತ ಒಳ್ಳೆಯ ಪಾಲುದಾರ ಬೇರೆ ಯಾರಿದ್ದರು? ಅನುಮತಿಯ ಅಗತ್ಯ ಕಡಿಮೆಯಾದಂತೆ ಪಾಲುದಾರನ ಅಗತ್ಯವೂ ಕಡಿಮೆಯಾಯಿತು.

ರೆನೊ ಮತ್ತು ಮಹೀಂದ್ರಾ ಜೋಡಿಯದ್ದು ಬೇರೆ ಕಥೆ. ಮಹೀಂದ್ರಾ ಶೇ. 51, ರೆನೊ ಶೇ. 49ರ ಲೆಕ್ಕದಲ್ಲಿ 2007ರಲ್ಲಿ ಲೋಗನ್ ಬಂತು. ಕಾರು ಗಟ್ಟಿಮುಟ್ಟಾಗಿತ್ತು. ಆದರೆ ಅದಕ್ಕೆ ಒಂದು ವರ್ಷ ಮೊದಲು, ಅಂದರೆ 2006ರಲ್ಲಿ, ನಾಲ್ಕು ಮೀಟರ್ ಒಳಗಿನ ಸಣ್ಣ ಕಾರುಗಳಿಗೆ ಅಬಕಾರಿ ಸುಂಕ ಇಳಿದಿತ್ತು. ಲೋಗನ್ ನಾಲ್ಕೂಕಾಲು ಮೀಟರ್ ಉದ್ದವಿತ್ತು. ಆ ಕಾಲು ಮೀಟರಿನ ಬೆಲೆಯನ್ನು ಗಿರಾಕಿ ಕೊಡಲಿಲ್ಲ. ವಿನ್ಯಾಸ ಒಬ್ಬರದ್ದು, ಮಾರಾಟದ ಹೊಣೆ ಇನ್ನೊಬ್ಬರದ್ದು ಆಗಿರುವಾಗ ಬಾಲ ಕತ್ತರಿಸುವ ತೀರ್ಮಾನ ಬೇಗ ಆಗುವುದಿಲ್ಲ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಸ್ಥಿತಿ. 2010ರಲ್ಲಿ ರೆನೊ ಹೊರನಡೆಯಿತು, ಕಾರು ವೆರಿಟೊ ಆಯಿತು. 2013ರಲ್ಲಿ ಮಹೀಂದ್ರಾ ಒಂಟಿಯಾಗಿ ಅದರ ಹಿಂಭಾಗವನ್ನು ಮೊಟಕುಗೊಳಿಸಿ ನಾಲ್ಕು ಮೀಟರ್ ಒಳಗಿನ ವೆರಿಟೊ ವೈಬ್ ತಂದಿತು, ಅಷ್ಟರಲ್ಲಿ ಕಾಲ ಮೀರಿತ್ತು.

ಚೀನಾದಲ್ಲಿ ಜಂಟಿ ಉದ್ಯಮ ಕಾನೂನಿನ ಬಲವಂತದಿಂದ ಬಂದದ್ದು. 1994ರ ನೀತಿಯಂತೆ ಕಾರು ತಯಾರಿಕೆಯಲ್ಲಿ ವಿದೇಶಿಯರ ಪಾಲು ಶೇ. 50ನ್ನು ಮೀರುವಂತಿರಲಿಲ್ಲ, ವಿದ್ಯುತ್ ವಾಹನಗಳಿಗೆ 2018ರಲ್ಲೂ ಉಳಿದ ಕಾರುಗಳಿಗೆ 2022ರಲ್ಲೂ ಆ ಮಿತಿ ಹೋಯಿತು. ಟೆಸ್ಲಾ ಶಾಂಘೈನಲ್ಲಿ ಪಾಲುದಾರರಿಲ್ಲದೆ ಕಾರ್ಖಾನೆ ಕಟ್ಟಲು ಸಾಧ್ಯವಾದದ್ದು ಈ ಬದಲಾವಣೆಯಿಂದ. ಆದರೆ ಅಷ್ಟು ವರ್ಷ ಫೋಕ್ಸ್‌ವ್ಯಾಗನ್ ಮತ್ತು ಜನರಲ್ ಮೋಟಾರ್ಸ್ ಎರಡರ ಜೊತೆಗೂ ಪಾಲುದಾರಿಕೆಯಲ್ಲಿದ್ದ ಶಾಂಘೈನ ಸೈಕ್ ಕಂಪನಿ ಸುಮ್ಮನೆ ಕೂತಿರಲಿಲ್ಲ. 2017ರಲ್ಲಿ ಅದೇ ಸೈಕ್ ಗುಜರಾತಿನ ಹಾಲೋಲಿನಲ್ಲಿ ಜನರಲ್ ಮೋಟಾರ್ಸ್ ಬಿಟ್ಟುಹೋದ ಕಾರ್ಖಾನೆಯನ್ನು ಕೊಂಡು, 2019ರಲ್ಲಿ ಎಂಜಿ ಹೆಕ್ಟರ್ ಹೆಸರಿನಲ್ಲಿ ಭಾರತಕ್ಕೆ ಬಂತು. ಗುರುವಿನ ಕಾರ್ಖಾನೆಯಲ್ಲೇ ಶಿಷ್ಯ ಅಂಗಡಿ ತೆರೆದಂತೆ. 2020ರಲ್ಲಿ ಭಾರತ ಸರ್ಕಾರ ಗಡಿ ಹಂಚಿಕೊಂಡ ದೇಶಗಳಿಂದ ಬರುವ ಹೂಡಿಕೆಗೆ ಮುಂಚಿತ ಅನುಮತಿ ಕಡ್ಡಾಯ ಮಾಡಿದ ಮೇಲೆ, ಪೂರ್ಣ ಒಡೆತನದಲ್ಲಿದ್ದ ಆ ಕಂಪನಿ ಜೆಎಸ್‌ಡಬ್ಲ್ಯು ಸಮೂಹಕ್ಕೆ ಶೇ. 35 ಪಾಲು ಕೊಡುವ ಒಪ್ಪಂದಕ್ಕೆ 2023ರಲ್ಲಿ ಸಹಿ ಹಾಕಿತು. ಪೂರ್ಣ ಒಡೆತನದಿಂದ ಜಂಟಿ ಉದ್ಯಮಕ್ಕೆ ಹಿಮ್ಮುಖವಾಗಿ ನಡೆದ ಅಪರೂಪದ ಪ್ರಕರಣ ಇದು. ಸಣ್ಣ ಹೆಜ್ಜೆಯಿಂದ ದೊಡ್ಡ ಹೆಜ್ಜೆಗೆ, ರಫ್ತಿನಿಂದ ಸ್ವಂತ ಕಾರ್ಖಾನೆಗೆ ಕಂಪನಿಗಳು ಮೆಟ್ಟಿಲು ಹತ್ತುತ್ತವೆ ಎಂದು ಸ್ವೀಡನ್ನಿನ ಉಪ್ಸಾಲದ ವಿದ್ವಾಂಸರು 1970ರ ದಶಕದಲ್ಲಿ ಮಂಡಿಸಿದ ವಾದ ತರಗತಿಗಳಲ್ಲಿ ಇಂದಿಗೂ ಕೇಳಿಬರುತ್ತದೆ. ಮೆಟ್ಟಿಲು ಇಳಿಸುವ ಸರ್ಕಾರಗಳೂ ಇವೆ ಎಂಬುದನ್ನು ಅದರ ಪಕ್ಕದಲ್ಲಿ ಬರೆದುಕೊಳ್ಳಬೇಕು.

ಕಿರ್ಲೋಸ್ಕರ್ ಜೊತೆಗಿನ ಟೊಯೊಟಾದ ಸಂಬಂಧ 1997ರಿಂದ ಉಳಿದು ಬಂದಿರುವುದಕ್ಕೆ ಕಾರಣ ಅಸಮಾನತೆಯ ಸ್ಪಷ್ಟತೆ ಎಂದು ನನಗನ್ನಿಸುತ್ತದೆ. ಕಾರು ಹೇಗಿರಬೇಕು ಎಂಬುದರಲ್ಲಿ ಟೊಯೊಟಾದ ಮಾತೇ ಕೊನೆ. ಕರ್ನಾಟಕದ ನೆಲ, ಸರ್ಕಾರ, ಕಾರ್ಮಿಕರ ವಿಷಯದಲ್ಲಿ ಸ್ಥಳೀಯ ಪಾಲುದಾರನಿಗೆ ಮಾತಿದೆ. ಆದರೂ ಅದು ಎಲ್ಲಕ್ಕೂ ಮದ್ದಲ್ಲ. 2014ರಲ್ಲೂ 2020ರಲ್ಲೂ ಬಿಡದಿಯ ಗೇಟಿಗೆ ಬೀಗಮುದ್ರೆ ಬಿದ್ದಿತ್ತು. 2000ದಲ್ಲಿ ಬಂದ ಕ್ವಾಲಿಸ್ ನೋಡಲು ಚೆಂದವಿರಲಿಲ್ಲ, ಆದರೆ ರಾತ್ರಿ ಪಾಳಿಯ ಕಾಲ್ ಸೆಂಟರ್ ಹುಡುಗರನ್ನು ಹೊತ್ತು ಹೊಸೂರು ರಸ್ತೆಯಲ್ಲಿ ಲಕ್ಷಾಂತರ ಕಿಲೋಮೀಟರ್ ಓಡಿತು. ಇಂಥ ಗಾಡಿ ಸಾಕು ಎಂದು ತೀರ್ಮಾನಿಸಲು ಸಮಪಾಲಿನ ಇಬ್ಬರು ಒಡೆಯರು ಕೂತಿದ್ದರೆ ಎಷ್ಟು ಸಭೆ ಬೇಕಾಗುತ್ತಿತ್ತೋ! ಆದ್ದರಿಂದ ನನ್ನ ಸಲಹೆ: 50:50 ಬೇಡ. ಬೇಕೇ ಬೇಕೆಂದರೆ, ಒಪ್ಪಿಗೆಯಾಗದಿದ್ದಾಗ ಯಾರು ಯಾರ ಪಾಲನ್ನು ಯಾವ ಸೂತ್ರದ ಬೆಲೆಗೆ ಕೊಳ್ಳಬೇಕೆಂಬುದನ್ನು ಮೊದಲ ದಿನವೇ ಬರೆದುಕೊಳ್ಳಿ.

ಪೂರ್ಣ ಒಡೆತನ

ಹ್ಯುಂಡೈ 1996ರಲ್ಲಿ, ಉಳಿದ ಬಹುತೇಕರು ಪಾಲುದಾರರನ್ನು ಹುಡುಕುತ್ತಿದ್ದಾಗ, ಚೆನ್ನೈ ಬಳಿ ಒಬ್ಬಂಟಿಯಾಗಿ ಕಾರ್ಖಾನೆ ಕಟ್ಟಿತು. ಜೊತೆಗೆ ತನ್ನ ಕೊರಿಯಾದ ವೆಂಡರುಗಳನ್ನೂ ಕರೆತಂದಿತು. 1998ರಲ್ಲಿ ಸ್ಯಾಂಟ್ರೊ ಬಂತು. ಇಪ್ಪತ್ತಾರು ವರ್ಷಗಳ ನಂತರ, 2024ರ ಅಕ್ಟೋಬರ್‌ನಲ್ಲಿ, 27,870 ಕೋಟಿ ರೂಪಾಯಿಗಳ ಷೇರುಗಳನ್ನು ಸಾರ್ವಜನಿಕರಿಗೆ ಮಾರಿ ದೇಶದ ಅಲ್ಲಿಯವರೆಗಿನ ಅತಿ ದೊಡ್ಡ ಐಪಿಒ ನಡೆಸಿತು. ಭಾರತೀಯ ಪಾಲುದಾರರು ಬಂದದ್ದು ಗೆದ್ದ ಮೇಲೆ, ಕಂಪನಿ ಹೇಳಿದ ಬೆಲೆಗೆ. ಅದರ ಸೋದರ ಸಂಸ್ಥೆ ಕಿಯಾ ಬೆಂಗಳೂರಿನಿಂದ ಹೈದರಾಬಾದ್ ಹೆದ್ದಾರಿಯಲ್ಲಿ ಎರಡೂವರೆ ಗಂಟೆ ದೂರದ ಪೆನುಕೊಂಡದ ಬಳಿ ಅದೇ ದಾರಿ ಹಿಡಿಯಿತು. ಚೆನ್ನೈನ ವೆಂಡರುಗಳು ಮೊದಲೇ ಸಿದ್ಧರಿದ್ದರು. 2019ರ ಆಗಸ್ಟ್‌ನಲ್ಲಿ ಸೆಲ್ಟೋಸ್ ಬಂದಾಗ ಕಿಯಾಕ್ಕೆ ಯಾವ ಪಾಲುದಾರನಿಂದಲೂ ಕಲಿಯುವುದು ಉಳಿದಿರಲಿಲ್ಲ.

ಇದರ ಇನ್ನೊಂದು ಮುಖ ಫೋರ್ಡ್. 1995ರಲ್ಲಿ ಮಹೀಂದ್ರಾ ಜೊತೆ ಸಮಪಾಲಿನಲ್ಲಿ ಬಂದು, 1998ರಲ್ಲಿ ಪಾಲನ್ನು ಶೇ. 72ಕ್ಕೆ ಏರಿಸಿಕೊಂಡು, ಮುಂದೆ ಗುಜರಾತಿನ ಸಾಣಂದದಲ್ಲಿ ಸುಮಾರು ನೂರು ಕೋಟಿ ಡಾಲರ್ ಹೂಡಿಕೆಯ ಎರಡನೆಯ ಕಾರ್ಖಾನೆ ಕಟ್ಟಿತು. ಲೈನುಗಳು ತುಂಬಲಿಲ್ಲ. ಹತ್ತು ವರ್ಷಗಳಲ್ಲಿ 200 ಕೋಟಿ ಡಾಲರ್‌ಗೂ ಮಿಕ್ಕಿದ ನಷ್ಟವಾಯಿತೆಂದು ಹೇಳಿ 2021ರ ಸೆಪ್ಟೆಂಬರ್‌ನಲ್ಲಿ ಭಾರತದಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ ಘೋಷಿಸಿತು. ಎಂಜಿನ್ ತಯಾರಿಕೆಯನ್ನು ಉಳಿಸಿಕೊಂಡು ಸಾಣಂದದ ಕಾರ್ಖಾನೆಯನ್ನು ಟಾಟಾಗೆ ಮಾರಿದ ಬೆಲೆ 725.7 ಕೋಟಿ ರೂಪಾಯಿ. ಸ್ವಂತ ಕಾರ್ಖಾನೆಯಲ್ಲಿ ಲಾಭವೂ ಹಂಚಿಕೆಯಿಲ್ಲದ್ದು, ನಷ್ಟವೂ ಹಾಗೆಯೇ. ಹಾಲೋಲ್ ಎಂಜಿಗೆ, ಸಾಣಂದ ಟಾಟಾಗೆ, ಜನರಲ್ ಮೋಟಾರ್ಸ್‌ನ ತಳೇಗಾಂವ್ ಹ್ಯುಂಡೈಗೆ ಹೋದದ್ದನ್ನು ನೋಡಿದರೆ, ಈಗ ಹೊಸದಾಗಿ ಬರುವವರು ಸೈಟು ಕೊಂಡು ಕಟ್ಟುವ ಮೊದಲು ಯಾರಾದರೂ ಖಾಲಿ ಮಾಡುತ್ತಿದ್ದಾರೆಯೇ ಎಂದು ವಿಚಾರಿಸುವುದು ಲೇಸು.

ಮಾರಾಟಕ್ಕಲ್ಲದೆ ಬುದ್ಧಿಗಾಗಿ ಬರುವ ಪ್ರವೇಶವೂ ಒಂದಿದೆ, ಅದರ ರಾಜಧಾನಿ ಬೆಂಗಳೂರು. ಮರ್ಸಿಡಿಸ್-ಬೆನ್ಜ್‌ನ ಸಂಶೋಧನಾ ಕೇಂದ್ರ 1996ರಿಂದ ಇಲ್ಲಿದೆ. ಜನರಲ್ ಮೋಟಾರ್ಸ್ 2017ರ ಕೊನೆಗೆ ಭಾರತದಲ್ಲಿ ಷೆವರ್ಲೆ ಮಾರಾಟ ನಿಲ್ಲಿಸಿದರೂ ಇಲ್ಲಿನ ತಾಂತ್ರಿಕ ಕೇಂದ್ರವನ್ನು ಮುಚ್ಚಲಿಲ್ಲ. ಗಿರಾಕಿ ಸಿಗದ ಊರಿನಲ್ಲೂ ಎಂಜಿನಿಯರ್ ಸಿಗುತ್ತಾನೆ.

ಕೊಂಡುಕೊಳ್ಳುವುದು

ಟಾಟಾ ಮೋಟಾರ್ಸ್ 2008ರ ಜೂನ್‌ನಲ್ಲಿ ಜಾಗ್ವಾರ್ ಲ್ಯಾಂಡ್ ರೋವರನ್ನು ಫೋರ್ಡ್‌ನಿಂದ 230 ಕೋಟಿ ಡಾಲರ್‌ಗೆ ಕೊಂಡಿತು. ಕೆಲವೇ ತಿಂಗಳಲ್ಲಿ ಜಗತ್ತಿನ ಹಣಕಾಸು ಕುಸಿದು ಭಾರಿ ನಷ್ಟವಾಯಿತು, ಟಾಟಾ ತಪ್ಪು ಮಾಡಿತೆಂದೇ ಎಲ್ಲರೂ ಹೇಳಿದರು. ಟಾಟಾ ಅದರ ವಿನ್ಯಾಸಕಾರರ ಕೆಲಸಕ್ಕೆ ತಲೆ ಹಾಕದೆ ಹೊಸ ಮಾದರಿಗಳಿಗೆ ಹಣ ಹಾಕಿತು. ಮುಂದೆ ಆ ಕಂಪನಿಯ ಲಾಭವೇ ಟಾಟಾ ಮೋಟಾರ್ಸನ್ನು ಹಲವು ವರ್ಷ ಹೊತ್ತಿತು. ಮಹೀಂದ್ರಾ 2011ರಲ್ಲಿ ಕೊರಿಯಾದ ಸಾಂಗ್‌ಯಾಂಗ್‌ನ ಶೇ. 70 ಪಾಲು ಕೊಂಡಾಗಲೂ ಲೆಕ್ಕ ಇಂಥದ್ದೇ ಇತ್ತು. 2020ರ ಡಿಸೆಂಬರ್‌ನಲ್ಲಿ ಸಾಂಗ್‌ಯಾಂಗ್ ದಿವಾಳಿ ರಕ್ಷಣೆ ಕೋರಿ ನ್ಯಾಯಾಲಯಕ್ಕೆ ಹೋಯಿತು, 2022ರಲ್ಲಿ ಅದು ಕೊರಿಯಾದ ಕೆಜಿ ಸಮೂಹದ ಪಾಲಾಯಿತು. ಅದರ ಟಿವೋಲಿ ಕಾರಿನ ತಳಹದಿಯ ಮೇಲೆ ಮಾಡಿದ ಎಕ್ಸ್‌ಯುವಿ 300 ಮಹೀಂದ್ರಾದ ಬಳಿ ಉಳಿಯಿತು. ಎರಡರ ನಡುವಿನ ವ್ಯತ್ಯಾಸ ಬ್ರ್ಯಾಂಡಿನಲ್ಲಿತ್ತು: ಲ್ಯಾಂಡ್ ರೋವರ್ ಹೆಸರಿಗೆ ಹತ್ತಾರು ದೇಶಗಳಲ್ಲಿ ಹೆಚ್ಚು ಬೆಲೆ ಕೊಡುವ ಗಿರಾಕಿಗಳಿದ್ದರು, ಸಾಂಗ್‌ಯಾಂಗ್‌ಗೆ ಮನೆಯಲ್ಲೇ ಹ್ಯುಂಡೈ ಮತ್ತು ಕಿಯಾ ಎದುರಾಳಿಗಳು. ನಮ್ಮೂರಿನಲ್ಲಿ ಖಾತೆ, ಇ.ಸಿ. ನೋಡದೆ ಯಾರೂ ಕಟ್ಟಿದ ಮನೆ ಕೊಳ್ಳುವುದಿಲ್ಲ. ಕಾರು ಕಂಪನಿಯ ಇ.ಸಿ. ಎಂದರೆ ಪಿಂಚಣಿಯ ಹೊರೆ, ಕಾರ್ಮಿಕ ಸಂಘದ ಹಳೆಯ ಜಗಳ, ಮುಂದಿನ ಎರಡು ಮಾದರಿಗಳ ಅಭಿವೃದ್ಧಿಗೆ ಬೇಕಾದ ಹಣ.

ಹಾಗಾದರೆ ಯಾವುದು?

ವರ್ಷಕ್ಕೆ ಕೆಲವು ನೂರು ಗಾಡಿ ಮಾರುವ ಅಂದಾಜಿರುವವರು, ಸುಂಕ ಎಷ್ಟೇ ಇರಲಿ, ರಫ್ತಿನಿಂದ ಶುರುಮಾಡುವುದು ಸರಿ. ಹೆಸರಿನ ನೋಂದಣಿ ಮಾತ್ರ ಸ್ವಂತ ಕೈಯಲ್ಲಿರಲಿ. ಸಂಖ್ಯೆ ಸಾವಿರ ದಾಟಿ ಸುಂಕದ ಅಂತರ ದೊಡ್ಡದಾದಾಗ ಜೋಡಣೆಗೆ ಹೋಗಬೇಕು, ಅದೂ ಆದಷ್ಟು ಬೇರೊಬ್ಬರ ಖಾಲಿ ಲೈನಿನಲ್ಲಿ. ಸರ್ಕಾರದ ಅನುಮತಿಯೋ ಡೀಲರ್ ಜಾಲವೋ ಇಲ್ಲದಿದ್ದರೆ ಜಂಟಿ ಉದ್ಯಮ, ಅದರಿಂದ ಹೊರಬರುವ ದಿನಾಂಕವೂ ಗೊತ್ತಿರಬೇಕು. ಒಗ್ಗುವ ಗಾಡಿ, ವೆಂಡರುಗಳು, ಹತ್ತು ವರ್ಷ ಕಾಯುವ ಬಂಡವಾಳ ಮೂರೂ ಇದ್ದವರಿಗೆ ಮಾತ್ರ ಪೂರ್ಣ ಒಡೆತನ. ಮೂರರಲ್ಲಿ ಒಂದು ಇಲ್ಲದಿದ್ದರೂ ಫೋರ್ಡ್‌ನ ದಾರಿ ಹತ್ತಿರ. ಸ್ವಾಧೀನವನ್ನು ನಾನು ಬ್ರ್ಯಾಂಡಿಗಾಗಿ ಮಾತ್ರ ಒಪ್ಪುತ್ತೇನೆ, ಕಾರ್ಖಾನೆಗಾಗಿ ಅಲ್ಲ.

ಪೀಣ್ಯದ ಗೆಳೆಯರು ಮೂರು ಸುತ್ತಿನ ಮಾತುಕತೆಯ ನಂತರ ಕರಾರಿನ ನಾಲ್ಕನೆಯ ಪುಟವನ್ನು ಬದಲಾಯಿಸಿಕೊಂಡರು. ಇಡೀ ದೇಶದ ಬದಲು ಕಠ್ಮಂಡು ಕಣಿವೆ ಮಾತ್ರ, ಐದು ವರ್ಷದ ಬದಲು ಹದಿನೆಂಟು ತಿಂಗಳು, ಮೊದಲ ಆರು ತಿಂಗಳಲ್ಲಿ ಕನಿಷ್ಠ ಅರವತ್ತು ಗಾಡಿ, ಹೆಸರಿನ ನೋಂದಣಿ ಪೀಣ್ಯದ ವಿಳಾಸಕ್ಕೆ. ಅಲ್ಲಿಯೇ ಜೋಡಿಸುವ ಮಾತನ್ನು ವರ್ಷಕ್ಕೆ ಐನೂರು ಗಾಡಿ ದಾಟಿದ ಮೇಲೆ ಎತ್ತುವುದೆಂದು ಇಬ್ಬರೂ ಒಪ್ಪಿದ್ದಾರೆ. ಈಗ ಉಳಿದಿರುವ ತಕರಾರು ಒಂದೇ: ಕಠ್ಮಂಡುವಿನಲ್ಲಿ ಸದಾ ಸಿದ್ಧವಿರಬೇಕಾದ ಹನ್ನೆರಡು ಮೋಟಾರ್ ಕಂಟ್ರೋಲರುಗಳ ದಾಸ್ತಾನಿಗೆ ದುಡ್ಡು ಯಾರು ಹಾಕಬೇಕೆಂಬುದು.